ಹಳೆ ಫಿಯಟ್‌ಗೆ ಕಿಂಗ್ ಪಿನ್ ಹಾಕಿಸ್ತಿದ್ದೀರಾ? ಚಕ್ರ ಏರಿಸುವ ಮೊದಲು ಗ್ರೀಸ್ ಹೊಡೆಸಿ ನೋಡಿ

ಪುಣೆ, ಮುಂಬಯಿ ಕಡೆ ಹಳೆ ಫಿಯಟ್, ಅದರದೇ ಮುಂದಿನ ರೂಪವಾದ ಪದ್ಮಿನಿ ಇಟ್ಟುಕೊಂಡಿರುವ ನಮ್ಮವರು ದಯವಿಟ್ಟು ಇದನ್ನು ಪೂರ್ತಿ ಓದಿ.

ನಮ್ಮದು 1969ರ ಫಿಯಟ್ 1100 ಡಿ. ಅಪ್ಪ ಧಾರವಾಡದಲ್ಲಿ ಓಡಿಸುತ್ತಿದ್ದ ಕಾರು. ಅವರು ಹೋದ ಮೇಲೆ ನಾನು ಪುಣೆ ಹತ್ತಿರದ ನಿಗಡಿಯ ಮನೆಗೆ ತಂದೆ. ಈ ವರ್ಷದ ಶುರುವಿನಲ್ಲಿ ಕಾಟ ಶುರುವಾಯಿತು. ಸ್ಪೀಡ್ ಬ್ರೇಕರ್ ದಾಟಿದರೆ ಮುಂದೆ ಟಕ್ ಅನ್ನುತ್ತಿತ್ತು, ನಲವತ್ತು ದಾಟಿದರೆ ಸ್ಟೇರಿಂಗ್ ಗಡಗಡ ನಡುಗುತ್ತಿತ್ತು. ಎರಡು ಸಲ ವ್ಹೀಲ್ ಅಲೈನ್‌ಮೆಂಟ್ ಮಾಡಿಸಿದೆ, ಸುಮ್ನೆ ದುಡ್ಡು ದಂಡ. ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗಲು ಆಧಾರವಾಗಿರುವ ಕಿಂಗ್ ಪಿನ್‌ನಲ್ಲೇ ಆಟ (ಸಡಿಲ) ಇದ್ದರೆ ಅಲೈನ್‌ಮೆಂಟ್ ಎಲ್ಲಿ ನಿಲ್ಲುತ್ತದೆ? ಇದನ್ನು ಮನೆಯಲ್ಲೇ ನೋಡಬಹುದು. ಜಾಕ್ ಹಾಕಿ ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಡಿದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ ಮತ್ತೆ ಅಲ್ಲಾಡಿಸಿ. ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಕಿಂಗ್ ಪಿನ್ ಕಡೆಯೇ ನೋಡಬೇಕು.

ನಿಗಡಿ ಹತ್ತಿರದ ಒಂದು ಗ್ಯಾರೇಜಿಗೆ ಕೊಟ್ಟೆ. ಹೆಸರು ಹೇಳುವುದಿಲ್ಲ. ಮೇಸ್ತ್ರಿ ಕಲಬುರಗಿ ಕಡೆಯವರು, ಕನ್ನಡದಲ್ಲೇ ಮಾತಾಡಿದರು. "ಚಿಂತಿ ಮಾಡಬ್ಯಾಡ್ರಿ ಸಾಹೇಬ್ರ, ಇಂಥಾವು ಭಾಳ ಮಾಡೀನಿ" ಅಂದರು. ಪರ ಊರಲ್ಲಿ ಆ ಮಾತು ಕೇಳಿದ್ದೇ ನನಗೆ ಸಾಕಾಯಿತು, ಮುಂದೆ ಏನೂ ಕೇಳಲಿಲ್ಲ. ಎರಡೂ ಬದಿಯ ಕಿಂಗ್ ಪಿನ್, ಬುಶ್ (ಪಿನ್ ಕೂರುವ ಸಣ್ಣ ಕೊಳವೆ), ಹಿಂದಿನ ಪಟ್ಟಾ ಸ್ಪ್ರಿಂಗ್‌ನ ರಬ್ಬರ್ ಬುಶ್, ಎಲ್ಲಾ ಸೇರಿ ಹದಿನೆಂಟು ಸಾವಿರ. ಒಂಬತ್ತು ದಿನ ಹಿಡಿಯಿತು. ಗಾಡಿ ಕೈಗೆ ಬಂದಾಗ ಸ್ಟೇರಿಂಗ್ ಬಿಗಿಯಾಗಿತ್ತು. ಕೇಳಿದ್ದಕ್ಕೆ "ಹೊಸದಲ್ರೀ, ಓಡಿದ ಮ್ಯಾಲ ಸಡ್ಲ ಆಗ್ತದ" ಅಂದರು. ಈ ಮಾತನ್ನು ಯಾರೇ ಹೇಳಲಿ, ನಂಬಬೇಡಿ. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರದಿದ್ದರೆ ಗಾಡಿಯನ್ನು ಅಲ್ಲೇ ಬಿಡಿ, ಮನೆಗೆ ತರಬೇಡಿ.

ಒಂದು ತಿಂಗಳ ಮೇಲೆ ನಾನೇ ಗ್ರೀಸ್ ಹೊಡೆಯಲು ಕೂತೆ. ಎಡಗಡೆ ನಿಪ್ಪಲ್‌ಗೆ (ಗ್ರೀಸ್ ತುಂಬುವ ಮೂತಿ) ಗ್ರೀಸ್ ಹೋಗಲೇ ಇಲ್ಲ. ನಿಪ್ಪಲ್ ಕಟ್ಟಿರಬೇಕು ಅಂದುಕೊಂಡು ಬಿಟ್ಟೆ. ಆವತ್ತೇ ಗ್ಯಾರೇಜಿಗೆ ಹೋಗಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ಮೇ ತಿಂಗಳಲ್ಲಿ ಹೆಂಡತಿ, ಮಗಳ ಜೊತೆ ಧಾರವಾಡಕ್ಕೆ ಹೊರಟೆವು. ಖಂಬಾಟಕಿ ಘಾಟ್ ಹತ್ತುವಾಗ ಒಂದು ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸಿದೆ, ಅದು ವಾಪಸ್ ಬರಲೇ ಇಲ್ಲ. ಎರಡೂ ಕೈಯಿಂದ ಜಗ್ಗಿದರೂ ಹಿಡಿದುಕೊಂಡೇ ಇತ್ತು, ಪಕ್ಕದಲ್ಲಿ ಟ್ರಕ್, ಹಿಂದೆ ಹಾರ್ನ್, ಮಗಳು ಮುಂದಿನ ಸೀಟು ಹಿಡಿದುಕೊಂಡು ಅಪ್ಪಾ ಅಪ್ಪಾ ಅನ್ನುತ್ತಿದ್ದಾಳೆ. ಘಾಟ್ ಹತ್ತುತ್ತಿದ್ದರಿಂದ ವೇಗ ಕಡಿಮೆ ಇತ್ತು, ಹೇಗೋ ಅಂಚಿಗೆ ತಂದು ನಿಲ್ಲಿಸಿದೆ. ಇಳಿಜಾರಿನಲ್ಲಿ ಹೀಗಾಗಿದ್ದರೆ ಅನ್ನುವುದನ್ನು ಈಗಲೂ ಯೋಚಿಸಲು ಆಗುವುದಿಲ್ಲ.

ಟೆಂಪೋ ಮೇಲೆ ಹಾಕಿಸಿ ಸಾತಾರಾಕ್ಕೆ ಒಯ್ದೆವು. ಅಲ್ಲಿ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಬಿಚ್ಚಿದರು. ಕಾಕಾ ಒಂದೊಂದೇ ಸಾಮಾನು ಬಟ್ಟೆಯ ಮೇಲೆ ಇಟ್ಟು ತೋರಿಸಿದರು. ಪಿನ್ ಸುತ್ತುವುದು ಮೇಲೊಂದು ಕೆಳಗೊಂದು ಬುಶ್‌ನಲ್ಲಿ. ಪ್ರತಿ ಬುಶ್‌ಗೂ ಗ್ರೀಸ್ ತೂತು ಇರುತ್ತದೆ, ಅದು ನಿಪ್ಪಲ್‌ನ ದಾರಿಗೆ ಸರಿಯಾಗಿ ಕೂರಬೇಕು. ನನ್ನ ಗಾಡಿಯ ಎಡಗಡೆ ಅದು ಕಾಲು ಸುತ್ತು ಆಚೆ ತಿರುಗಿತ್ತು. ಅಂದರೆ ಹಾಕಿದ ದಿನದಿಂದ ಒಳಗೆ ಒಂದು ಹನಿ ಗ್ರೀಸ್ ಹೋಗಿಲ್ಲ. ಪಿನ್ ತುಂಬಾ ಗೀರು, ಕೆಂಪು ಪುಡಿ. ಕೆಳಗಿನ ಬುಶ್ ಅನ್ನು ಪ್ರೆಸ್ ಮಾಡದೆ ಸುತ್ತಿಗೆಯಲ್ಲಿ ಹೊಡೆದು ಕೂರಿಸಿದ್ದರು, ಬಾಯಿ ಮಡಚಿತ್ತು. ಎರಡೂ ಬುಶ್ ಒಂದೇ ನೇರಕ್ಕೆ ಬರಲಿ ಅಂತ ತೂತನ್ನು ಅಳತೆಗೆ ಕೆರೆಯುವ ಉದ್ದದ ರೀಮರ್ ಹಾಕಬೇಕು. ಅದನ್ನು ಬಿಟ್ಟು ಎಮರಿ ಪೇಪರ್‌ನಲ್ಲಿ ಪಿನ್ ಅನ್ನೇ ಉಜ್ಜಿ ಸಣ್ಣ ಮಾಡಿದ್ದರು. ಭಾರ ಹೊರುವ ಥ್ರಸ್ಟ್ ವಾಷರ್ ಹಳೆಯದೇ. ಬಿಲ್‌ನಲ್ಲಿ ಮಾತ್ರ ಹೊಸದು.

ಹಿಂದಿನ ಪಟ್ಟಾ ಬುಶ್‌ಗಳೂ ಹರಿದಿದ್ದವು, ಹಾಕಿ ಎರಡೇ ತಿಂಗಳು! ಆಕ್ಸಲ್ ಜೋತಾಡುತ್ತಿರುವಾಗಲೇ ಬೋಲ್ಟ್ ಬಿಗಿ ಮಾಡಿದ್ದಾರೆ ಅಂದರು ಕಾಕಾ. ಹಾಗೆ ಮಾಡಿದರೆ ಗಾಡಿ ನೆಲಕ್ಕೆ ಇಳಿದ ಕೂಡಲೇ ರಬ್ಬರ್ ತಿರುಚಿಕೊಳ್ಳುತ್ತದೆ, ಆಮೇಲೆ ಪ್ರತಿ ಗುಂಡಿಗೂ ಇನ್ನಷ್ಟು ತಿರುಚಿ ಹರಿಯುತ್ತದೆ. ಕೊನೆಯ ಬಿಗಿ ಗಾಡಿ ತನ್ನ ಚಕ್ರದ ಮೇಲೆ ನಿಂತಾಗಲೇ ಆಗಬೇಕು.

ಸಾಮಾನು ಸಿಗಲ್ಲ ಅನ್ನುವ ನೆಪಕ್ಕೂ ಸೋಲಬೇಡಿ. ಕುರ್ಲಾದ ಕಾರ್ಖಾನೆಯಲ್ಲಿ ಪದ್ಮಿನಿ ದಶಕಗಟ್ಟಲೆ ತಯಾರಾಗಿದೆ, ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ನಿಂತಿದ್ದು 2023ರ ಅಕ್ಟೋಬರ್‌ನಲ್ಲಿ. ಪುಣೆಯ ನಾನಾ ಪೇಟೆ, ಮುಂಬಯಿಯ ಒಪೆರಾ ಹೌಸ್ ಸುತ್ತಲಿನ ಅಂಗಡಿಗಳಲ್ಲಿ ನೀವೇ ಹೋಗಿ ಹುಡುಕಿ. ಬುಶ್ ಒಳಗೆ ಗ್ರೀಸ್ ಹರಿಯುವ ಸಣ್ಣ ಕಾಲುವೆ ಕೊರೆದಿದೆಯಾ ನೋಡಿ, ಪಿನ್ ಅನ್ನು ಮೈಕ್ರೋಮೀಟರ್‌ನಲ್ಲಿ ಅಳೆಸಿ. ಡುಪ್ಲಿಕೇಟ್ ಜಾಸ್ತಿ.

ಇನ್ನು ಮುಖ್ಯವಾದದ್ದು. ಪಿನ್ ಕೂರಿಸುವ ದಿನ ರಜೆ ಹಾಕಿಯಾದರೂ ಗ್ಯಾರೇಜಿನಲ್ಲಿ ನಿಲ್ಲಿ. ಚಕ್ರ ಏರಿಸುವ ಮೊದಲು ನಿಮ್ಮ ಕಣ್ಣೆದುರೇ ಗ್ರೀಸ್ ಗನ್ ಹಾಕಿಸಿ. ಮೇಲಿನ ಬುಶ್‌ನಿಂದಲೂ ಕೆಳಗಿನದರಿಂದಲೂ ಗ್ರೀಸ್ ಹೊರಗೆ ಉಬ್ಬಿ ಬರಬೇಕು, ಚಕ್ರವಿಲ್ಲದ ಸ್ಟಬ್ ಆಕ್ಸಲ್ (ಚಕ್ರ ಕೂರುವ ಗಿಡ್ಡ ಅಚ್ಚು) ಕೈಯಲ್ಲೇ ಒಂದೇ ಸಮ ತಿರುಗಬೇಕು. ಎರಡೇ ನಿಮಿಷದ ಕೆಲಸ ಇದು. ಹಳೆ ಸಾಮಾನು ವಾಪಸ್ ಬೇಕು ಅಂತ ಮೊದಲೇ ಹೇಳಿಬಿಡಿ. ನಾನು ಹೇಳಿರಲಿಲ್ಲ. ಆಮೇಲೆ ಮೊದಲಿನ ಗ್ಯಾರೇಜಿನಲ್ಲಿ ಕೇಳಿದರೆ ಗುಜರಿಗೆ ಹೋಯಿತು ಅಂದರು. ಅಪ್ಪ ಅಷ್ಟು ವರ್ಷ ತಾವೇ ಗ್ರೀಸ್ ಹಾಕಿ ಕಾಪಾಡಿದ್ದ ಪಿನ್‌ಗಳು ಅವು. ಹದಿನೆಂಟು ಸಾವಿರದಲ್ಲಿ ಒಂದು ರೂಪಾಯಿಯೂ ಇನ್ನೂ ವಾಪಸ್ ಬಂದಿಲ್ಲ.