ಕ್ಯಾಮೆರಾ ‘ಆಫ್‌ಲೈನ್’ ಅಂತ ಬಂದರೆ ಸುಮ್ಮನಿರಬೇಡಿ

ಊರಿಗೆ ಹೋಗುವಾಗ ಮನೆ ಕಾಯಲಿ ಅಂತ ಕ್ಯಾಮೆರಾ, ಡಿಜಿಟಲ್ ಲಾಕ್ ಹಾಕಿಸಿಕೊಂಡಿರುವವರು ದಯವಿಟ್ಟು ಇದನ್ನು ಓದಿ. ಹೋದ ಡಿಸೆಂಬರ್‌ನಲ್ಲಿ ಪುಣೆಯ ಕರ್ವೆನಗರದ ನಮ್ಮ ಫ್ಲ್ಯಾಟ್‌ನಲ್ಲಿ ಕಳ್ಳತನವಾಯಿತು. ಆಗ ನಾವು ಧಾರವಾಡದಲ್ಲಿದ್ದೆವು, ನಾದಿನಿ ಮಗಳ ಮದುವೆಗೆ. ಫೋನಿಗೆ ಸೂಚನೆ ಬಂದಿತ್ತು. ನೋಡಿದೆವು. ನೋಡಿಯೂ ಬಿಟ್ಟೆವು.

ಹಾಲ್‌ನಲ್ಲಿ ಟಿವಿ ಪಕ್ಕ ಒಂದು ವೈಫೈ ಕ್ಯಾಮೆರಾ ಇತ್ತು. ಯಾರಾದರೂ ಓಡಾಡಿದರೆ ತಕ್ಷಣ ಫೋನಿಗೆ ಹೇಳುತ್ತದೆ. ಮುಂಬಾಗಿಲಿಗೆ ಡಿಜಿಟಲ್ ಲಾಕ್. ಬಾಗಿಲು ತೆಗೆದರೆ ಅದೂ ಹೇಳುತ್ತದೆ. ಸಂಜೆ ಏಳಕ್ಕೆ ತಾನೇ ಹತ್ತಿ ಹನ್ನೊಂದಕ್ಕೆ ಆರುವ ಎರಡು ಬಲ್ಬು, ಮನೆಯಲ್ಲಿ ಜನ ಇದ್ದಾರೆ ಅನ್ನಿಸಲಿ ಅಂತ. ಇಷ್ಟೆಲ್ಲ ಇದೆ ಅನ್ನುವ ಧೈರ್ಯದಲ್ಲಿ ಆ ಸಲ ಎದುರು ಮನೆಯ ಕಾಕುಗೆ (ಮರಾಠಿಯಲ್ಲಿ ಚಿಕ್ಕಮ್ಮನಿಗೆ ಹಾಗನ್ನುತ್ತಾರೆ) ಬೀಗದ ಕೈ ಕೊಡಲಿಲ್ಲ. ಊರಿಗೆ ಹೋಗುತ್ತೇವೆ ಅಂತಲೂ ಹೇಳಲಿಲ್ಲ. ಮೊದಲೆಲ್ಲ ಹೇಳದೆ ಹೋದವರೇ ಅಲ್ಲ.

ಗುರುವಾರ ಮಧ್ಯಾಹ್ನ 2 ಗಂಟೆ 11 ನಿಮಿಷಕ್ಕೆ ‘ಕ್ಯಾಮೆರಾ ಆಫ್‌ಲೈನ್’ ಅಂತ ಬಂತು. ಅರಿಶಿನದ ಶಾಸ್ತ್ರ ನಡೆದಿತ್ತು. ನಮ್ಮನೆಯವರಿಗೆ ಫೋನ್ ತೋರಿಸಿದೆ. “ಇವತ್ತ ಗುರುವಾರ ಅಲ್ಲೇನು? ಲೈಟ್ ತಗದಿರ್ತಾರ, ಬಿಡು” ಅಂದರು. ನನಗೂ ಹಾಗೇ ಅನ್ನಿಸಿತು. ಪುಣೆಯಲ್ಲಿ ಇರುವವರಿಗೆ ಇದು ಗೊತ್ತು. ದುರಸ್ತಿ ಕೆಲಸಕ್ಕೆ ಕರೆಂಟ್ ತೆಗೆಯುವುದು ಗುರುವಾರವೇ. ಭೋಸರಿ, ಪಿಂಪ್ರಿ ಕಡೆಯ ಕಾರ್ಖಾನೆಗಳ ವಾರದ ರಜೆಯೂ ಅವತ್ತೇ. ಎಷ್ಟೋ ಗುರುವಾರ ಈ ಕ್ಯಾಮೆರಾ ಹೀಗೇ ಹೋಗಿ ಸಂಜೆಗೆ ತಾನೇ ಬಂದಿತ್ತು.

ಸಂಜೆಗೆ ಬರಲಿಲ್ಲ. ಶುಕ್ರವಾರವೂ ಬರಲಿಲ್ಲ. ರೌಟರ್ ಹ್ಯಾಂಗ್ ಆಗಿರಬೇಕು, ಹೋದ ಮೇಲೆ ಆಫ್ ಮಾಡಿ ಆನ್ ಮಾಡಿದರಾಯಿತು ಅಂದುಕೊಂಡೆವು. ಶನಿವಾರ ಬೆಳಗ್ಗೆ ಕಾಕು ಫೋನ್ ಮಾಡಿದರು. ಮೆಟ್ಟಿಲು ಗುಡಿಸುವ ಮಾವಶಿ ನಮ್ಮ ಬಾಗಿಲು ನೋಡಿ ಅವರನ್ನು ಕರೆದಿದ್ದಳಂತೆ. ಲಾಕ್‌ಗೆ ಏನೂ ಆಗಿರಲಿಲ್ಲ. ಅದು ಕೂತಿದ್ದ ಮರದ ಚೌಕಟ್ಟನ್ನೇ ಸೀಳಿದ್ದರು.

ಆ ಗುರುವಾರ ನಮ್ಮ ಕಟ್ಟಡದಲ್ಲಿ ಕರೆಂಟ್ ಹೋಗಿರಲೇ ಇಲ್ಲ. ನಮ್ಮ ಒಂದು ಮನೆಯದು ಮಾತ್ರ ಹೋಗಿತ್ತು. ಮೀಟರ್‌ಗಳೆಲ್ಲ ಕೆಳಗೆ ಪಾರ್ಕಿಂಗ್‌ನಲ್ಲಿವೆ. ಪ್ರತಿ ಮೀಟರ್ ಕೆಳಗೆ ಫ್ಲ್ಯಾಟ್ ನಂಬರ್ ದೊಡ್ಡದಾಗಿ ಬರೆದಿದೆ. ಆ ಮೀಟರ್ ಕೋಣೆಯ ಬಾಗಿಲಿಗೆ ಬೀಗವಿರಲಿಲ್ಲ. ಅಲ್ಲಿ ನಮ್ಮ ನಂಬರಿನ ಮೇನ್ ಸ್ವಿಚ್ ಕೆಳಗೆ ಎಳೆದಿದ್ದರು. ಅಷ್ಟೇ ಸಾಕಾಯಿತು. ರೌಟರ್ ಸತ್ತಿತು, ಅದರ ಹಿಂದೆ ಕ್ಯಾಮೆರಾ. ಲಾಕ್ ಏನೋ ಸೆಲ್ ಮೇಲೆ ನಡೆಯುತ್ತದೆ, ಆದರೆ ಅದರ ಸುದ್ದಿಯನ್ನು ವೈಫೈಗೆ ದಾಟಿಸುವ ಚಿಕ್ಕ ಡಬ್ಬಿ ಗೋಡೆಯ ಪ್ಲಗ್‌ನಲ್ಲಿತ್ತು. ಅದೂ ಸತ್ತಿತು. ಬಲ್ಬುಗಳು ಹತ್ತಲಿಲ್ಲ. ನಾಲ್ಕು ಬೇರೆ ಬೇರೆ ಕಾವಲು ಇಟ್ಟಿದ್ದೇವೆ ಅಂತ ನಾನು ನಂಬಿದ್ದೆ. ಎಲ್ಲ ಒಂದೇ ಸ್ವಿಚ್‌ಗೆ ನೇತುಬಿದ್ದಿದ್ದವು.

ಕ್ಯಾಮೆರಾವನ್ನೂ ಒಯ್ದಿದ್ದರು. ರೆಕಾರ್ಡಿಂಗ್ ಎಲ್ಲ ಅದರೊಳಗಿನ ಮೆಮೊರಿ ಕಾರ್ಡ್‌ನಲ್ಲೇ ಇತ್ತು. ಕ್ಲೌಡ್‌ನಲ್ಲಿ, ಅಂದರೆ ಇಂಟರ್ನೆಟ್ ಮೂಲಕ ಕಂಪನಿಯ ಕಂಪ್ಯೂಟರ್‌ನಲ್ಲಿ, ಉಳಿಸುವ ಸೌಲಭ್ಯ ಮೊದಲ ತಿಂಗಳು ಪುಕ್ಕಟೆ ಇತ್ತು, ಆಮೇಲೆ ನಾವು ದುಡ್ಡು ಕಟ್ಟಿರಲಿಲ್ಲ. ಅತ್ತೆಯವರು ನನಗೆ ಕೊಟ್ಟ ಬಂಗಾರದ ಬಳೆಗಳು, ಎರಡು ಪಾಟಲಿ, ನಾಲ್ಕು ಬಿಲ್ವಾರ, ಹೋದವು. ಮದುವೆಗೆಂದು ಬ್ಯಾಂಕ್ ಲಾಕರ್‌ನಿಂದ ತಂದು, ಇಷ್ಟೆಲ್ಲ ಯಾಕೆ ಅಂತ ಇವನ್ನು ಮನೆಯಲ್ಲೇ ಬಿಟ್ಟು ಹೋಗಿದ್ದೆ. ಅತ್ತೆ ಈಗಿಲ್ಲ. ಆ ಬಂಗಾರದ ತೂಕ ಹೇಳಿ ಸಮಾಧಾನ ಮಾಡುವವರಿಗೆ ನಾನು ಏನೂ ಉತ್ತರ ಕೊಡಲಾರೆ.

ಪೊಲೀಸರು ಮೊದಲು ಕೇಳಿದ್ದು ಕ್ಯಾಮೆರಾದ ಆ್ಯಪ್ ಬೇರೆ ಯಾರ ಫೋನಿನಲ್ಲಿದೆ ಅಂತ. ನಮ್ಮಿಬ್ಬರದು ಮಾತ್ರ ಅಂದೆ. ತೆಗೆದು ನೋಡಿದರೆ ಮೂರನೇ ನಂಬರ್ ಇತ್ತು. ಕ್ಯಾಮೆರಾ ಕೂರಿಸಲು ಬಂದ ಹುಡುಗ ತನ್ನ ಫೋನಿನಿಂದ ಸೆಟ್ ಮಾಡಿ ಆಮೇಲೆ ನಮಗೆ ಕೊಟ್ಟಿದ್ದ, ತನ್ನದನ್ನು ತೆಗೆದಿರಲಿಲ್ಲ. ಅವನೇ ಮಾಡಿದ ಅಂತ ನಾನು ಹೇಳುತ್ತಿಲ್ಲ. ಅವನದೇನೂ ಸಂಬಂಧ ಕಾಣಲಿಲ್ಲ ಅಂತ ಪೊಲೀಸರೂ ಹೇಳಿದರು. ಆದರೆ ಒಂದು ವರ್ಷ ನಮ್ಮ ಹಾಲ್ ಬೇರೊಬ್ಬರ ಫೋನಿನಲ್ಲಿ ಕಾಣುತ್ತಿತ್ತು ಅನ್ನುವುದು ನೆನಪಾದರೆ ಈಗಲೂ ಮೈ ನಡುಗುತ್ತದೆ. ಇವತ್ತೇ ನಿಮ್ಮ ಆ್ಯಪ್ ತೆಗೆದು ಅದರಲ್ಲಿ ಯಾರ್‍ಯಾರ ಹೆಸರಿದೆ ನೋಡಿ. ಕ್ಯಾಮೆರಾದ ಜೊತೆ ಬಂದ ಪಾಸ್‌ವರ್ಡ್ ಹಾಗೇ ಇದ್ದರೆ ಬದಲಾಯಿಸಿ. ಹೊಸದಾಗಿ ಕೊಳ್ಳುವವರು ಇನ್ನೊಂದು ಮಾತು ಕೇಳಿ. ಇಂಟರ್ನೆಟ್‌ಗೆ ಜೋಡಿಸುವ ಸಿಸಿಟಿವಿ ಕ್ಯಾಮೆರಾಗಳು ಭದ್ರತಾ ಪರೀಕ್ಷೆ ಪಾಸಾಗಿರಬೇಕು ಅನ್ನುವ ಕೇಂದ್ರ ಸರ್ಕಾರದ ನಿಯಮ 2025ರ ಏಪ್ರಿಲ್ 9ರಿಂದ ಜಾರಿಗೆ ಬಂದಿದೆ. ಅಂಗಡಿಯಲ್ಲಿ ಅದರ ಪ್ರಮಾಣಪತ್ರ ಕೇಳಿ ತೆಗೆದುಕೊಳ್ಳಿ. ಹೆಸರಿಲ್ಲದ ಅಗ್ಗದ ಮಾಲು ಬೇಡ.

ಈಗ ರೌಟರ್‌ಗೆ ಒಂದು ಚಿಕ್ಕ ಯುಪಿಎಸ್, ಅಂದರೆ ಕರೆಂಟ್ ಹೋದಾಗಲೂ ನಡೆಸುವ ಬ್ಯಾಟರಿ, ಹಾಕಿಸಿದ್ದೇವೆ. ಒಂದೂವರೆ ಸಾವಿರ ರೂಪಾಯಿ ಆಯಿತು, ಮೂರ್ನಾಲ್ಕು ಗಂಟೆ ತಡೆಯುತ್ತದೆ. ಕೊಳ್ಳುವ ಮೊದಲು ನಿಮ್ಮ ರೌಟರ್ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಅಂತ ಅದರ ಅಡಾಪ್ಟರ್ ಮೇಲೆ ನೋಡಿಕೊಳ್ಳಿ. ಕೆಲವರ ಮನೆಯಲ್ಲಿ ಫೈಬರ್ ಡಬ್ಬಿ ಬೇರೆ, ರೌಟರ್ ಬೇರೆ ಇರುತ್ತದೆ. ಆಗ ಎರಡಕ್ಕೂ ಬೇಕು. ಕ್ಯಾಮೆರಾಗೂ ಬ್ಯಾಟರಿ ಇರಬೇಕು, ಇಲ್ಲದಿದ್ದರೆ ರೌಟರ್ ಒಂದೇ ಬದುಕಿ ಏನು ಪ್ರಯೋಜನ? ನಮಗೆ ಗೊತ್ತಿಲ್ಲದ ಒಂದು ವಿಷಯ ಇಂಟರ್ನೆಟ್‌ನವರ ಹುಡುಗ ಹೇಳಿದ. ಕೆಲವು ಕಟ್ಟಡಗಳಲ್ಲಿ ಕೇಬಲ್ ಹಂಚುವ ಡಬ್ಬಿ ಟೆರೇಸ್‌ನಲ್ಲೋ ಪಾರ್ಕಿಂಗ್‌ನಲ್ಲೋ ಇರುತ್ತದೆ, ಕಟ್ಟಡದ್ದೇ ಕರೆಂಟ್ ಹೋದರೆ ಅದೂ ನಿಲ್ಲುತ್ತದೆ. ಹಾಗಾಗಿ ಒಂದು ದಿನ ಮನೆಯಲ್ಲಿ ಇರುವಾಗಲೇ ಮೇನ್ ಸ್ವಿಚ್ ಆಫ್ ಮಾಡಿ ನೋಡಿ. ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಕ್ಯಾಮೆರಾ ಕಾಣುತ್ತದಾ ಪರೀಕ್ಷೆ ಮಾಡಿ. ನಾವು ಅಷ್ಟು ದಿನ ಒಮ್ಮೆಯೂ ಇದನ್ನು ಮಾಡಿರಲಿಲ್ಲ.

ಮೀಟರ್ ಕೋಣೆಗೆ ನಮ್ಮ ಕಟ್ಟಡದ ಸೊಸೈಟಿಯವರು ಬೀಗ ಹಾಕಿಸಿದ್ದಾರೆ. ಬೆಂಕಿ ಗಿಂಕಿ ಆದರೆ ತಕ್ಷಣ ತೆಗೆಯಬೇಕಲ್ಲ, ಅದಕ್ಕೆ ಒಂದು ಕೀಲಿ ಹಗಲೂ ರಾತ್ರಿ ವಾಚ್‌ಮನ್ ಹತ್ತಿರವೇ ಇರುತ್ತದೆ.

ಇಷ್ಟೆಲ್ಲ ಮಾಡಿದರೂ ಕ್ಯಾಮೆರಾ ಯಾವತ್ತಾದರೂ ಆಫ್‌ಲೈನ್ ಆಗೇ ಆಗುತ್ತದೆ. ಆಗ ಏನು ಮಾಡಬೇಕು ಅನ್ನುವುದನ್ನು ಹೊರಡುವ ಮೊದಲೇ ಗೊತ್ತು ಮಾಡಿಕೊಳ್ಳಿ. ಅವತ್ತು ನಾನು ಸೊಸೈಟಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಲೈಟ್ ಇದೆಯಾ?’ ಅಂತ ಒಂದು ಮಾತು ಕೇಳಿದ್ದರೆ ಇಪ್ಪತ್ತು ಜನ ‘ಇದೆ’ ಅನ್ನುತ್ತಿದ್ದರು. 2 ಗಂಟೆ 11 ನಿಮಿಷಕ್ಕೆ ಕಳ್ಳರು ಇನ್ನೂ ಕೆಳಗೆ ಪಾರ್ಕಿಂಗ್‌ನಲ್ಲೇ ಇದ್ದರು. ಎದುರು ಬಾಗಿಲಲ್ಲಿ ಕಾಕು ಮನೆಯಲ್ಲೇ ಇದ್ದರು. ಒಂದು ಫೋನ್ ಸಾಕಿತ್ತು. “ನನಗೆ ಒಂದು ಮಾತು ಹೇಳಿ ಹೋಗಬಾರದಿತ್ತಾ ಮಗಳೇ?” ಅಂತ ಅವರು ಮರಾಠಿಯಲ್ಲಿ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಪ್ರಕರಣ ಇನ್ನೂ ನಡೆಯುತ್ತಿದೆ. ಒಡವೆ ಸಿಕ್ಕಿಲ್ಲ. ಆ ‘ಆಫ್‌ಲೈನ್’ ಸೂಚನೆಯ ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದೆ, ಪೊಲೀಸರು ಕಳ್ಳತನದ ಸಮಯ ಹಿಡಿದದ್ದು ಅದರಿಂದಲೇ. ಅಂಥದ್ದು ಬಂದರೆ ಅಳಿಸಬೇಡಿ.

ಹೋದ ತಿಂಗಳು ಬೆಳಗಾವಿಗೆ ಹೋಗಿದ್ದೆವು. ಗುರುವಾರ ಬೆಳಗ್ಗೆ ಹತ್ತಕ್ಕೆ ಕ್ಯಾಮೆರಾ ಮತ್ತೆ ಆಫ್‌ಲೈನ್. ಕೈ ನಡುಗುತ್ತಲೇ ಕಾಕುಗೆ ಮೆಸೇಜ್ ಹಾಕಿದೆ. ‘ಸಗಳ್ಯಾಂಚೀ ಗೇಲೀ ಆಹೇ’, ಎಲ್ಲರದೂ ಹೋಗಿದೆ, ಅಂತ ಉತ್ತರ ಬಂತು. ಹಿಂದೆಯೇ ನಮ್ಮ ಬಾಗಿಲಿನ ಫೋಟೊ.