31ನೇ ವಯಸ್ಸಿಗೆ ಜಿಎನ್‌ಎಂ ಸೇರಿದೆ: ಮೂರು ವರ್ಷ ಓದಿದ ಮೇಲೆ ನನ್ನ ಅಭಿಪ್ರಾಯ

ಮದುವೆಯಾಗಿ, ಮಗು ಶಾಲೆಗೆ ಹೋಗಲು ಶುರುವಾದ ಮೇಲೆ ನರ್ಸಿಂಗ್ ಓದಬಹುದಾ ಅಂತ ಈ ವರ್ಷ ನಮ್ಮ ಬೀದಿಯಲ್ಲೇ ಮೂರು ಜನ ಕೇಳಿದರು. ಓದಬಹುದು. ನಾನು ಓದಿದ್ದೇನೆ. 2021ರ ಕೊನೆಗೆ ಸೇರಿದಾಗ ನನಗೆ 31, ಮಗಳು ಒಂದನೇ ಕ್ಲಾಸು. ಮನೆ ಹರಿಹರ, ಕಾಲೇಜು ದಾವಣಗೆರೆ. ಆರ್ಟ್ಸ್‌ನಲ್ಲಿ ಪಿಯುಸಿ ಮುಗಿಸಿ ಹತ್ತು ವರ್ಷದ ಮೇಲಾಗಿತ್ತು, ಬಟ್ಟೆ ಅಂಗಡಿಯಲ್ಲಿ ಬಿಲ್ ಬರೆಯುತ್ತಿದ್ದೆ. ಈಗ ಒಂದು ಖಾಸಗಿ ಆಸ್ಪತ್ರೆಯ ಸರ್ಜಿಕಲ್ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ನಾನು ಓದಿದ್ದು ಜಿಎನ್‌ಎಂ, ಅಂದರೆ ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ ಡಿಪ್ಲೊಮಾ. ನನ್ನಂತೆ ತಡವಾಗಿ ಹೊರಡುವವರಿಗೆ ಈ ಕೋರ್ಸ್ ಹೇಗಿದೆ, ದುಡ್ಡು ಕಟ್ಟುವ ಮುಂಚೆ ಏನು ನೋಡಬೇಕು ಅಂತ ಬರೆಯುತ್ತಿದ್ದೇನೆ.

ನಾನು ಮೊದಲು ದುಡ್ಡು ಕಳೆದುಕೊಂಡ ಕಥೆಯಿಂದಲೇ ಶುರು ಮಾಡುತ್ತೇನೆ. ಮಾವನವರು ಆಸ್ಪತ್ರೆಯಲ್ಲಿದ್ದಾಗ ರಾತ್ರಿಯೆಲ್ಲ ಅವರ ಪಕ್ಕ ಕೂತಿದ್ದೆ. ಅಲ್ಲಿನ ಸಿಸ್ಟರ್‌ಗಳನ್ನು ನೋಡಿ ಈ ಕೆಲಸ ನನಗೂ ಆಗುತ್ತದೆ ಅನ್ನಿಸಿತ್ತು. ಆಮೇಲೆ ಒಂದು ದಿನ 'ನರ್ಸಿಂಗ್ ತರಬೇತಿ, 6 ತಿಂಗಳು, ಕೆಲಸ ಗ್ಯಾರಂಟಿ' ಅಂತ ಬೋರ್ಡ್ ಕಂಡಿತು. 28 ಸಾವಿರ ಕಟ್ಟಿದೆ. ಬಿಪಿ ನೋಡುವುದು, ಮಲಗಿದ ರೋಗಿಗೆ ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಬೆಡ್‌ಪ್ಯಾನ್ ಕೊಡುವುದು ಎಲ್ಲ ಕಲಿಸಿದರು. ಆ ಕಲಿಕೆ ದಂಡವಾಗಲಿಲ್ಲ, ಈಗಲೂ ಉಪಯೋಗಕ್ಕೆ ಬರುತ್ತದೆ. ಆದರೆ ಸರ್ಟಿಫಿಕೇಟ್ ಹಿಡಿದು ಆಸ್ಪತ್ರೆಗೆ ಹೋದರೆ ಅವರು ಕೇಳಿದ್ದು ನರ್ಸಿಂಗ್ ಕೌನ್ಸಿಲ್ ನಂಬರ್, ಅಂದರೆ ನರ್ಸ್ ಅಂತ ನೋಂದಣಿಯಾದ ನಂಬರ್. ಅದು ನನ್ನ ಹತ್ತಿರ ಇರಲಿಲ್ಲ, ಆ ಕೋರ್ಸಿನಿಂದ ಬರುವುದೂ ಇಲ್ಲ. ಸಹಾಯಕಿಯ ಕೆಲಸ ಸಿಕ್ಕಿತು, ನರ್ಸ್ ಕೆಲಸ ಅಲ್ಲ. ಪೇಷಂಟ್ ಕೇರ್ ಅಸಿಸ್ಟೆಂಟ್, ಜನರಲ್ ಡ್ಯೂಟಿ ಅಸಿಸ್ಟೆಂಟ್ ಅನ್ನುವವು ಮರ್ಯಾದೆಯ ಕೆಲಸಗಳೇ, ಬೇಗ ಸಂಬಳ ಬೇಕಾದವರಿಗೆ ಸರಿಯೂ ಹೌದು. ಅದನ್ನು 'ನರ್ಸಿಂಗ್' ಅಂತ ಹೇಳಿ ಮಾರುವುದಕ್ಕೆ ನನ್ನ ಸಿಟ್ಟು. ಮನೆಯ ಖರ್ಚಿನಲ್ಲಿ ಉಳಿಸಿದ ದುಡ್ಡು ಅದು.

ನರ್ಸ್ ಅಂತ ನೋಂದಣಿ ಸಿಗುವ ದಾರಿಗಳು ಕಡಿಮೆ. ಎಎನ್‌ಎಂ (ಆಕ್ಸಿಲರಿ ನರ್ಸ್ ಮಿಡ್‌ವೈಫ್) 2 ವರ್ಷ, ಅದು ಹೆಣ್ಣುಮಕ್ಕಳಿಗೆ ಮಾತ್ರ, ಹಳ್ಳಿ ಕಡೆ ತಾಯಿ-ಮಗುವಿನ ಆರೋಗ್ಯ ನೋಡುವ ಕೆಲಸಕ್ಕೆ. ಜಿಎನ್‌ಎಂ 3 ವರ್ಷ. ಬಿಎಸ್ಸಿ ನರ್ಸಿಂಗ್ 4 ವರ್ಷ, ಅದಕ್ಕೆ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಬೇಕೇ ಬೇಕು. ಜಿಎನ್‌ಎಂಗೆ ಹಾಗಿಲ್ಲ. ಆರ್ಟ್ಸ್, ಕಾಮರ್ಸ್ ಓದಿದವರೂ ಇಂಗ್ಲಿಷ್ ಇದ್ದು ಶೇ. 40 ಅಂಕ ಇದ್ದರೆ ಸೇರಬಹುದು. ಎಸ್ಸೆಸ್ಸೆಲ್ಸಿಗೇ ಓದು ನಿಂತವರು ಎನ್‌ಐಓಎಸ್ ಅನ್ನುವ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಪಿಯುಸಿ ಮಟ್ಟದ ಪರೀಕ್ಷೆ ಪಾಸು ಮಾಡಿ ಬಂದರೂ ನಡೆಯುತ್ತದೆ. ನನ್ನ ಕ್ಲಾಸಿನ ಒಬ್ಬರು ಹಾಗೇ ಬಂದಿದ್ದರು. ಗಂಡಸರೂ ಸೇರಬಹುದು. ವಯಸ್ಸು 35 ದಾಟಿರಬಾರದು. ಮೊದಲೇ ಎಎನ್‌ಎಂ ಆಗಿರುವವರಿಗೆ ಮಾತ್ರ ಈ ಮಿತಿ ಇಲ್ಲ. 33, 34ರಲ್ಲಿ ಇರುವವರು ಮುಂದಿನ ವರ್ಷ ನೋಡೋಣ ಅಂತ ಕೂರಬೇಡಿ.

ಇನ್ನೊಂದು ವಿಷಯ, ಇದು ನಮ್ಮಂಥವರನ್ನೇ ಹುಡುಕಿಕೊಂಡು ಬರುತ್ತದೆ. 'ನಾನ್ ಅಟೆಂಡಿಂಗ್' ಅಂತಾರೆ. ಏಜೆಂಟ್ ಒಬ್ಬರು ನನಗೂ ಫೋನ್ ಮಾಡಿದ್ದರು. ಮನೆ, ಮಗು ಇದೆಯಲ್ಲ ಮೇಡಂ, ದಿನಾ ಯಾಕೆ ಬರ್ತೀರಾ, ಹಾಜರಿ ನಾವು ನೋಡ್ಕೋತೀವಿ, ಪರೀಕ್ಷೆಗೆ ಬಂದರೆ ಸಾಕು ಅಂದರು. ಕೇಳೋಕೆ ಹಿತವಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಯೋಚನೆ ಮಾಡಿ. ವಾರ್ಡಿಗೇ ಹೋಗದೆ ಕಲಿತವರ ಕೈಗೆ ನಾಳೆ ನಿಮ್ಮ ಅಮ್ಮನ ಇಂಜೆಕ್ಷನ್ ಕೊಡ್ತೀರಾ? ನಿಯಮದಲ್ಲಿ ಥಿಯರಿಗೂ ಪ್ರಾಕ್ಟಿಕಲ್‌ಗೂ ಶೇ. 80 ಹಾಜರಿ ಬೇಕು. ಅಷ್ಟೇ ಅಲ್ಲ, ಡಿಪ್ಲೊಮಾ ಕೈಗೆ ಬರುವ ಮುಂಚೆ ಪ್ರಾಕ್ಟಿಕಲ್ ಹಾಜರಿ ಪೂರ್ತಿ 100 ಆಗಿರಬೇಕು. ಮಗಳಿಗೆ ಡೆಂಗಿ ಆದಾಗ ನಾನು 9 ದಿನ ಪೋಸ್ಟಿಂಗ್, ಅಂದರೆ ಆಸ್ಪತ್ರೆಯಲ್ಲಿ ಮಾಡುವ ತರಬೇತಿ, ತಪ್ಪಿಸಿದ್ದೆ. ಆ 9 ದಿನವನ್ನೂ ದಸರಾ ರಜೆಯಲ್ಲಿ ಹೋಗಿ ತುಂಬಿಕೊಟ್ಟೆ. ಆಗ ಅಳು ಬಂದಿತ್ತು. ಈಗ ಅದು ಸರಿ ಅನ್ನಿಸುತ್ತದೆ.

ಮೊದಲ ವರ್ಷ ಕಷ್ಟ. ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ, ನರ್ಸಿಂಗ್ ಫೌಂಡೇಶನ್, ಎಲ್ಲವೂ ಇಂಗ್ಲಿಷ್ ಪುಸ್ತಕ. ಕ್ಲಾಸಿನಲ್ಲಿ ಅರ್ಧಕ್ಕರ್ಧ 18ರ ಮಕ್ಕಳು, ಕೇರಳದವರು ಜಾಸ್ತಿ. ನನ್ನನ್ನು ಅಕ್ಕ ಅಂತಿದ್ದರು. ಅವರಿಗೆ ಇಂಗ್ಲಿಷ್ ಸಲೀಸು, ಕನ್ನಡ ಬರುತ್ತಿರಲಿಲ್ಲ. ನನಗೆ ಅದರ ಉಲ್ಟಾ. ಹಾಗಾಗಿ ವಾರ್ಡಿನಲ್ಲಿ ಅವರ ರೋಗಿಗಳ ಹತ್ತಿರ ನಾನು ಕೂತು ಯಾವಾಗಿಂದ ನೋವು, ಊಟ ಸೇರ್ತಿದೆಯಾ ಅಂತ ಕೇಳಿ ಹೇಳುತ್ತಿದ್ದೆ, ಸಂಜೆ ಅವರು ನನ್ನ ಕೇರ್ ಪ್ಲಾನ್ (ರೋಗಿಯ ಆರೈಕೆ ಹೇಗೆ ಅಂತ ಇಂಗ್ಲಿಷ್‌ನಲ್ಲಿ ಬರೆಯುವುದು) ತಿದ್ದಿ ಕೊಡುತ್ತಿದ್ದರು. ಕಾಲೇಜಿನವರು ಈ ಜೋಡಿಯನ್ನು ತಾವೇ ಮಾಡಿಸಿದ್ದರೆ ಎಷ್ಟು ಒಳ್ಳೆಯದಿತ್ತು, ಅಲ್ವಾ.

ಲೆಕ್ಕದ ಬಗ್ಗೆ ತುಂಬ ಜನ ಹೆದರುತ್ತಾರೆ. 500 ಎಂಎಲ್ ಸಲೈನ್ 4 ಗಂಟೆಯಲ್ಲಿ ಹೋಗಬೇಕು, ಡ್ರಿಪ್ ಸೆಟ್‌ನಲ್ಲಿ 20 ಹನಿಗೆ 1 ಎಂಎಲ್ ಅಂದರೆ, 500ನ್ನು 20ರಿಂದ ಗುಣಿಸಿ 240 ನಿಮಿಷದಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. ಅಷ್ಟೇ. ಬಿಲ್ ಬರೆದ ಕೈಗೆ ಇದು ಬೇಗ ಕೂತುಕೊಂಡಿತು. ಮನೆ ನಡೆಸಿದವರಿಗೆ, ಅಂಗಡಿ ನೋಡಿದವರಿಗೆ ಬರುವ ಲೆಕ್ಕವೇ ಇದು.

ಕೋರ್ಸಿನ ಜೀವ ಇರುವುದು ಪೋಸ್ಟಿಂಗ್‌ನಲ್ಲಿ. ಎರಡನೇ ವರ್ಷ ಮಾನಸಿಕ ಆರೋಗ್ಯಕ್ಕೆ ನಮ್ಮನ್ನು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕಳಿಸಿದರು. ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಹೋಗಬೇಕಾಯಿತು. ಮಾತೇ ಆಡದ ಒಬ್ಬ ಅಜ್ಜಿಯ ಪಕ್ಕ ನಾನು ದಿನಾ ಸುಮ್ನೆ ಕೂರುತ್ತಿದ್ದೆ. ಆರನೇ ದಿನ ಅವರು 'ಊಟ ಆತೇನವ್ವಾ' ಅಂದರು. ಸುಮ್ನೆ ಪಕ್ಕದಲ್ಲಿರುವುದೂ ಶುಶ್ರೂಷೆ ಅಂತ ನನಗೆ ಅಲ್ಲಿ ತಿಳಿಯಿತು. ಮೂರನೇ ವರ್ಷದ ಲೇಬರ್ ರೂಮಿನಲ್ಲಿ ನನ್ನ ವಯಸ್ಸು ಉಪಯೋಗಕ್ಕೆ ಬಂತು. ಚೊಚ್ಚಲ ಹೆರಿಗೆಯ ಹುಡುಗಿಯರು ನನ್ನ ಕೈಯನ್ನೇ ಹಿಡಿದುಕೊಳ್ಳುತ್ತಿದ್ದರು, ಅಕ್ಕ ನಿಮಗೂ ಹೀಗೇ ಆಗಿತ್ತಾ ಅಂತ ಕೇಳುತ್ತಿದ್ದರು. ಕೊನೆಯ ಆರು ತಿಂಗಳು ಇಂಟರ್ನ್‌ಶಿಪ್, ರಾತ್ರಿ ಪಾಳಿಯೂ ಇರುತ್ತದೆ. ಮನೆಯಲ್ಲಿ ಒಬ್ಬರಾದರೂ ನಿಮ್ಮ ಪರ ಇರಬೇಕು. ನಮ್ಮ ಮನೆಯವರು ಮತ್ತು ಅತ್ತೆ ಇಲ್ಲದಿದ್ದರೆ ನನ್ನಿಂದ ಆಗುತ್ತಿರಲಿಲ್ಲ.

ಕಾಲೇಜಿನ ಬಗ್ಗೆ ನನ್ನ ದೂರುಗಳೂ ಇವೆ, ಹೆಸರು ಬೇಡ. ಲ್ಯಾಬಿನಲ್ಲಿ 40 ಜನಕ್ಕೆ ಒಂದೇ ಮ್ಯಾನಿಕಿನ್ (ಅಭ್ಯಾಸಕ್ಕೆ ಇಡುವ ಗೊಂಬೆ). ಪಾಠ ಹೇಳುವವರು ವರ್ಷಕ್ಕೆ ಎರಡು ಸಲ ಬದಲು. ವರ್ಷಕ್ಕೆ 65 ಸಾವಿರ ಫೀ ಅಂದಿದ್ದರು, ಯೂನಿಫಾರ್ಮ್, ರೆಕಾರ್ಡ್ ಪುಸ್ತಕ, ಪೋಸ್ಟಿಂಗ್ ಓಡಾಟ ಅಂತ ಅದರ ಮೇಲೆ ಇನ್ನೂ ಕಟ್ಟಿಸಿಕೊಂಡರು, ಒಂದಕ್ಕೂ ಮೊದಲೇ ಚೀಟಿ ಕೊಡಲಿಲ್ಲ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ತಾವೇ ಇಟ್ಟುಕೊಂಡರು, ವಾಪಸ್ ತರಲು ನಾಲ್ಕು ಸಲ ಓಡಾಡಿದೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ಬಸ್ ಖರ್ಚು ಉಳಿಯಿತು, ಅದು ಆ ವರ್ಷ ನನಗೆ ದೊಡ್ಡ ಆಸರೆ.

ಸೇರುವ ಮುಂಚೆ ಕಾಲೇಜಿಗೆ ನೀವೇ ಹೋಗಿ, ಏಜೆಂಟ್ ಜೊತೆ ಬೇಡ. ಪರೀಕ್ಷೆ ಕರ್ನಾಟಕ ರಾಜ್ಯ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯದ್ದೇನಾ, ಮುಗಿದ ಮೇಲೆ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆಗುತ್ತದಾ ಅಂತ ಕೇಳಿ, ಕಾಗದ ತೋರಿಸಿ ಅನ್ನಿ. ಪೋಸ್ಟಿಂಗ್ ಯಾವ ಆಸ್ಪತ್ರೆಯಲ್ಲಿ, ಎಷ್ಟು ಹಾಸಿಗೆ ಅಂತ ಕೇಳಿ. ಗೇಟಿನ ಹೊರಗೆ ನಿಂತು ಮೂರನೇ ವರ್ಷದ ಮಕ್ಕಳನ್ನು ಮಾತಾಡಿಸಿ. ನನಗೆ ನಿಜ ಸಿಕ್ಕಿದ್ದು ಅಲ್ಲೇ.

ಸರ್ಕಾರಿ ಕೆಲಸದ ಆಸೆ ಇದ್ದರೆ ವಯಸ್ಸು ಎಣಿಸಿಕೊಳ್ಳಿ. ರಾಜ್ಯದ ನೇಮಕಾತಿಯಲ್ಲಿ ಸಾಮಾನ್ಯವಾಗಿ ಮಿತಿ 35, ಹಿಂದುಳಿದ ವರ್ಗದವರಿಗೆ 38, ಪರಿಶಿಷ್ಟರಿಗೂ ಪ್ರವರ್ಗ 1ಕ್ಕೂ 40, ಆಗಾಗ ಸಡಿಲಿಕೆ ಕೊಡುತ್ತಾರೆ. ಏಮ್ಸ್‌ನ ಪರೀಕ್ಷೆಗೆ ಸಾಮಾನ್ಯ ವರ್ಗಕ್ಕೆ 30. ನಮ್ಮಂಥವರಿಗೆ ಹೆಚ್ಚಿನ ಅವಕಾಶ ಖಾಸಗಿಯಲ್ಲೇ, ಶುರುವಿನ ಸಂಬಳ ಕಡಿಮೆ, ಪಾಳಿ ಜಾಸ್ತಿ. ಮುಂದೆ 2 ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿಕೊಂಡರೆ ಪದವಿಯೂ ಆಗುತ್ತದೆ, ನಾನು ಮುಂದಿನ ವರ್ಷಕ್ಕೆ ಅರ್ಜಿ ಹಾಕುತ್ತೇನೆ.

ಕೋರ್ಸಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ, ನಮ್ಮ ಕಾಲೇಜಿಗೆ ಎರಡೂವರೆ. ಮೊದಲ ವರ್ಷದ ನನ್ನ ಪುಸ್ತಕಗಳು, ಪಕ್ಕದಲ್ಲಿ ಕನ್ನಡ ಅರ್ಥ ಬರೆದಿಟ್ಟ ಅನಾಟಮಿ ನೋಟ್ಸು ಇನ್ನೂ ಮನೆಯಲ್ಲಿವೆ. ಹರಿಹರ, ರಾಣೆಬೆನ್ನೂರು ಕಡೆಯಿಂದ ಈ ವರ್ಷ ಯಾರಾದರೂ ಸೇರುತ್ತಿದ್ದರೆ ಕೇಳಿ, ಹಾಗೇ ಕೊಡುತ್ತೇನೆ.