ಫಸ್ಟ್ ಇಯರ್ ಬಿಎಸ್ಸಿ ಕೆಮಿಸ್ಟ್ರಿ: ನೋಟ್ಸಾ, ಯೂಟ್ಯೂಬಾ, ಹಳೇ ಪೇಪರ್ರಾ, ಪುಸ್ತಕ ಮುಚ್ಚಿ ಬರೆಯೋದಾ?

ಈ ವರ್ಷ ಹಾಸನದಲ್ಲಿ ಬಿಎಸ್ಸಿಗೆ ಸೇರಿರೋ ಜೂನಿಯರ್‌ಗಳು ಸಿಕ್ಕಾಗೆಲ್ಲ ಕೇಳೋದು ಒಂದೇ, ಕೆಮಿಸ್ಟ್ರಿ ಹೆಂಗಣ್ಣ ಓದೋದು ಅಂತ. ಪಿಯುಸಿಲಿ ಓದಿದ್ದೇ ಅಲ್ವಾ ಅನ್ಸುತ್ತೆ, ಪೇಪರ್ ಕೈಗೆ ಬಂದ್ರೆ ಬೇರೇನೇ ಇರುತ್ತೆ. ನಾನು ಫಸ್ಟ್ ಇಯರ್ ಪೂರ್ತಿ ಒಂದಾದ್ಮೇಲೆ ಒಂದು ವಿಧಾನ ಹಿಡಿದು ನೋಡಿದೀನಿ, ಅದೂ ಸಕಲೇಶಪುರದಿಂದ ದಿನಾ ಬಸ್ಸಲ್ಲಿ ಓಡಾಡ್ಕೊಂಡು. ಹಂಗಾಗಿ ಟೈಮ್ ಕಮ್ಮಿ ಇರೋರ ಲೆಕ್ಕದಲ್ಲಿ ಹೇಳ್ತಿದೀನಿ, ಹಾಸ್ಟೆಲ್‌ನಲ್ಲಿರೋರು ಒಂಚೂರು ಹೆಚ್ಚುಕಮ್ಮಿ ಮಾಡ್ಕೊಳ್ಳಿ.

ಮೊದಲು ಎಲ್ಲರೂ ಮಾಡೋದು, ನೋಟ್ಸ್ ಮತ್ತೆ ಮತ್ತೆ ಓದೋದು, ಹೈಲೈಟರ್ ಎಳೆಯೋದು. ಬಹಳ ಸುಖವಾದ ಕೆಲಸ ಇದು, ಟೀ ಕುಡೀತಾ ಮಾಡ್ಬೋದು. ಸ್ಲೇಟರ್ ರೂಲ್ ತಗೊಳ್ಳಿ, ಬೇರೆ ಎಲೆಕ್ಟ್ರಾನ್‌ಗಳು ಅಡ್ಡ ಬಂದ್ಮೇಲೆ ಒಂದು ಎಲೆಕ್ಟ್ರಾನ್ ಮೇಲೆ ನ್ಯೂಕ್ಲಿಯಸ್ ಸೆಳೆತ ಎಷ್ಟು ಉಳಿಯುತ್ತೆ ಅಂತ ಲೆಕ್ಕ ಹಾಕೋ ರೂಲ್. ಪೊಟ್ಯಾಸಿಯಂನ ಕೊನೇ ಎಲೆಕ್ಟ್ರಾನ್ 3ಡಿ ಆರ್ಬಿಟಲ್‌ಗೆ (ಎಲೆಕ್ಟ್ರಾನ್ ಇರೋ ಜಾಗ) ಹೋಗದೆ 4ಎಸ್‌ಗೆ ಯಾಕೆ ಹೋಗುತ್ತೆ ಅಂತ ಪ್ರಶ್ನೆ. ನೋಟ್ಸಲ್ಲಿ ಓದ್ತಿದ್ರೆ ಎಲ್ಲಾ ಸರಿಯಾಗೇ ಇರುತ್ತೆ: 4ಎಸ್‌ಗೆ ಹಾಕಿದ್ರೆ ಮೂರನೇ ಶೆಲ್‌ನ 8 ಎಲೆಕ್ಟ್ರಾನ್‌ಗೆ ತಲಾ 0.85, ಅದಕ್ಕೆ ಇನ್ನೂ ಒಳಗಿನ 10 ಸೇರಿಸಿದ್ರೆ 16.8, ನ್ಯೂಕ್ಲಿಯಸ್‌ನ 19ರಲ್ಲಿ ಕಳೆದ್ರೆ ಉಳಿಯೋ ಸೆಳೆತ 2.2. 3ಡಿಗೆ ಹಾಕಿದ್ರೆ ಒಳಗಿನ 18ಕ್ಕೂ ಪೂರ್ತಿ 1, ಉಳಿಯೋದು ಬರೀ 1, ಅದಕ್ಕೇ 4ಎಸ್. ತಲೆ ಆಡಿಸ್ಕೊಂಡು ಮುಂದೆ ಹೋಗ್ತೀವಿ. ಪುಸ್ತಕ ಮುಚ್ಚಿದ ತಕ್ಷಣ 0.85 ಯಾವ ಶೆಲ್‌ಗೆ, 3ಡಿಗೆ ಮಾತ್ರ ಎಲ್ಲಾದಕ್ಕೂ ಯಾಕೆ 1, ಏನೂ ಹೊಳೆಯಲ್ಲ.

ಪುಸ್ತಕ ಮುಚ್ಚಿ ಬರೆಯೋದು ಇದಕ್ಕೆ ಪೂರ್ತಿ ಉಲ್ಟಾ, ಮಾಡುವಾಗ ಹಿಂಸೆ. ಒಂದು ಟಾಪಿಕ್ ಓದಿ, ಪುಸ್ತಕ ಚೀಲಕ್ಕೆ ಹಾಕಿ (ಪಕ್ಕದಲ್ಲಿದ್ರೆ ಕಣ್ಣು ಹೋಗೇ ಹೋಗುತ್ತೆ), ಹಳೇ ಜೆರಾಕ್ಸ್ ಶೀಟ್ ಹಿಂದೆ ನೆನಪಿದ್ದಷ್ಟು ಬರೆದು, ಆಮೇಲೆ ಕೆಂಪು ಪೆನ್ನಲ್ಲಿ ತಿದ್ದೋದು. ಆರ್ಗ್ಯಾನಿಕ್‌ನಲ್ಲಿ ಇದರ ಬೆಲೆ ಗೊತ್ತಾಗುತ್ತೆ. ಮೆಕ್ಯಾನಿಸಮ್ (ರಿಯಾಕ್ಷನ್ ಹಂತ ಹಂತವಾಗಿ ನಡೆಯೋ ರೀತಿ) ಓದುವಾಗ ಎಲೆಕ್ಟ್ರಾನ್ ಹೋಗೋ ದಾರಿ ತೋರಿಸೋ ಬಾಣದ ಗುರುತು ಯಾವ ಕಡೆಯಿಂದ ಶುರುವಾಗಿದೆ ಅಂತ ಯಾರೂ ನೋಡಲ್ಲ. ಬರೆಯೋಕೆ ಕೂತ್ರೆ ಕ್ಲಾಸಲ್ಲಿ ಅರ್ಧ ಜನ ಎಚ್ ಪ್ಲಸ್‌ನಿಂದ ಡಬಲ್ ಬಾಂಡ್ ಕಡೆಗೆ ಬಾಣ ಎಳೀತಾರೆ. ಬಾಣ ಹೊರಡ್ಬೇಕಾಗಿರೋದು ಎಲೆಕ್ಟ್ರಾನ್ ಇರೋ ಕಡೆಯಿಂದ, ಅಂದ್ರೆ ಡಬಲ್ ಬಾಂಡಿಂದ ಎಚ್ ಪ್ಲಸ್ ಕಡೆಗೆ. ಇದೊಂದು ಕೆಂಪು ಪೆನ್ನಲ್ಲಿ ಎರಡು ಸಲ ತಿದ್ದಿದ್ರೆ ಸಾಕು, ಆಮೇಲೆ ಮಾರ್ಕೊವ್ನಿಕಾಫ್ ರೂಲ್ (ಡಬಲ್ ಬಾಂಡಿನ ಯಾವ ಕಾರ್ಬನ್‌ಗೆ ಎಚ್ ಸೇರುತ್ತೆ ಅನ್ನೋದು) ಬಾಯಿಪಾಠ ಮಾಡೋ ಗೋಜೇ ಇಲ್ಲ, ಯಾವ ಕಾರ್ಬೊಕ್ಯಾಟಯಾನ್ (ಪ್ಲಸ್ ಚಾರ್ಜ್ ಇರೋ ಕಾರ್ಬನ್) ಗಟ್ಟಿಯೋ ಅದೇ ಉತ್ತರ ಹೇಳುತ್ತೆ.

ಇದು ನನ್ನೊಬ್ಬನ ಅನುಭವ ಅಂತ ತಳ್ಳಿಹಾಕ್ಬೇಡಿ. 2006ರಲ್ಲಿ ಅಮೆರಿಕದ ರೋಡಿಗರ್, ಕಾರ್ಪಿಕಿ ಅನ್ನೋ ಇಬ್ಬರು ಸೈಕಾಲಜಿಸ್ಟ್‌ಗಳು ಕಾಲೇಜ್ ಸ್ಟೂಡೆಂಟ್‌ಗಳ ಮೇಲೆ ಇದನ್ನೇ ಪರೀಕ್ಷೆ ಮಾಡಿದ್ರು. ಓದಿ 5 ನಿಮಿಷಕ್ಕೆ ಟೆಸ್ಟ್ ಕೊಟ್ರೆ ಮತ್ತೆ ಮತ್ತೆ ಓದಿದವರೇ ಮುಂದೆ, ಒಂದು ವಾರ ಬಿಟ್ಟು ಕೊಟ್ರೆ ನೆನಪಿಂದ ಬರೆದವರು ಮುಂದೆ. ಹಂಗಾಗಿ ಎಕ್ಸಾಮ್ ಹಾಲ್ ಬಾಗಿಲಲ್ಲಿ ನಿಂತು ನೋಟ್ಸ್ ತಿರುವಿ ಹಾಕೋದು ಪೂರ್ತಿ ದಂಡ ಏನಲ್ಲ, ಅದನ್ನೇ ನಂಬ್ಕೊಂಡು ಸೆಮ್ ಕಳೆಯೋದು ದಂಡ.

ಯೂಟ್ಯೂಬ್ ಬಗ್ಗೆ ನಂಗೆ ಅರ್ಧ ಪ್ರೀತಿ ಅರ್ಧ ಸಿಟ್ಟು. ಆರ್ಬಿಟಲ್ ಆಕಾರ, ಹೈಬ್ರಿಡೈಸೇಶನ್, ಒಂದು ಗುಂಪು ಹೋಗಿ ಇನ್ನೊಂದು ಸೇರೋ ಎಸ್‌ಎನ್2 ರಿಯಾಕ್ಷನ್‌ನಲ್ಲಿ ಹಿಂದಿನಿಂದ ಬಂದು ಹೊಡೆದಾಗ ಗಾಳಿಗೆ ಛತ್ರಿ ಉಲ್ಟಾ ಆದಂಗೆ ಮಾಲಿಕ್ಯೂಲ್ ತಿರುಗೋದು, ಇವನ್ನ ಬೋರ್ಡ್ ಮೇಲೆ ಎಷ್ಟು ಬರೆದ್ರೂ ಆಗಲ್ಲ, ವಿಡಿಯೋನೇ ಬೇಕು. ಆದ್ರೆ ಇಡೀ ಚಾಪ್ಟರ್ ಒಂದೇ ವಿಡಿಯೋದಲ್ಲಿ ಮುಗಿಸೋ ಒನ್ ಶಾಟ್ ಅಂತ ಬರ್ತಾವಲ್ಲ, ಅವು ಹೆಚ್ಚಿನವು ನೀಟ್, ಜೆಇಇ ಹುಡುಗರಿಗೆ ಮಾಡಿದ್ದು. ವ್ಯಾನ್ ಡರ್ ವಾಲ್ಸ್ ಗ್ಯಾಸ್ ಸಮೀಕರಣದಲ್ಲಿ ಕ್ರಿಟಿಕಲ್ ವಾಲ್ಯೂಮ್ 3ಬಿ (ಬಿ ಅದರಲ್ಲಿರೋ ಒಂದು ಕಾನ್ಸ್ಟಂಟ್) ಅಂತ ಹೇಳಿ ಮುಂದೆ ಓಡ್ತಾರೆ, ನಮಗೆ ಮಾರ್ಕ್ಸ್ ಇರೋದು ಆ 3ಬಿ ಹೆಂಗೆ ಬಂತು ಅಂತ ಸ್ಟೆಪ್ ಬರೆಯೋದ್ರಲ್ಲಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು, ನೆಟ್‌ವರ್ಕು ಎರಡೂ ಕೈ ಕೊಡ್ತವೆ ಅನ್ನೋದು ಬೇರೆ.

ಹಳೇ ಕ್ವೆಶ್ಚನ್ ಪೇಪರ್ ಬಿಡಿಸೋದು ಫಿಸಿಕಲ್ ಕೆಮಿಸ್ಟ್ರಿ ಲೆಕ್ಕಕ್ಕೆ ಮೇಲು, ಯೂನಿಟ್ ಎಡವಟ್ಟೆಲ್ಲ ಅಲ್ಲೇ ಸರಿಹೋಗುತ್ತೆ. ಒಂದು ವಿಷಯ ನೋಡ್ಕೊಳ್ಳಿ, ನಮ್ಮ ರಾಜ್ಯದಲ್ಲಿ 2021-22ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬಂತು, 2024-25ರಿಂದ ಅದನ್ನ ಬಿಟ್ಟು ಮತ್ತೆ ಮೂರು ವರ್ಷದ ಡಿಗ್ರಿ ಅಂದ್ರು, ಹಂಗಾಗಿ ಜೆರಾಕ್ಸ್ ಅಂಗಡಿಲಿ ಕೊಡೋ ಕಟ್ಟಿನಲ್ಲಿ ಯಾವ ಸ್ಕೀಮಿನ ಪೇಪರ್ ಯಾವುದು ಅಂತಾನೇ ಗೊತ್ತಾಗಲ್ಲ. ಸಿಲಬಸ್ ಕಾಪಿ ಪಕ್ಕದಲ್ಲಿಟ್ಕೊಂಡು ಇಲ್ಲದಿರೋದನ್ನ ಮೊದಲು ಹೊಡೆದಾಕಿ.

ಇನಾರ್ಗ್ಯಾನಿಕ್‌ಗೆ ಮಾತ್ರ ಚೀಟಿ. ಮದುವೆ ಕಾಗದದ ಹಿಂದಿನ ಖಾಲಿ ಭಾಗ ಕತ್ತರಿಸಿ, ಒಂದು ಕಡೆ ಪ್ರಶ್ನೆ, ಇನ್ನೊಂದು ಕಡೆ ಕಾರಣ. ನೈಟ್ರೋಜನ್ ಅಯನೈಸೇಶನ್ ಎನರ್ಜಿ (ಒಂದು ಎಲೆಕ್ಟ್ರಾನ್ ಕೀಳೋಕೆ ಬೇಕಾಗೋ ಶಕ್ತಿ) ಆಕ್ಸಿಜನ್‌ಗಿಂತ ಜಾಸ್ತಿ ಯಾಕೆ? 2ಪಿ ಸರಿಯಾಗಿ ಅರ್ಧ ತುಂಬಿದೆ, ಅದು ಗಟ್ಟಿ. ಕ್ಲೋರಿನ್ ಎಲೆಕ್ಟ್ರಾನ್ ಅಫಿನಿಟಿ (ಹೊಸ ಎಲೆಕ್ಟ್ರಾನ್ ಸೇರಿದಾಗ ಹೊರಬರೋ ಶಕ್ತಿ) ಫ್ಲೋರಿನ್‌ಗಿಂತ ಜಾಸ್ತಿ ಯಾಕೆ? ಫ್ಲೋರಿನ್ ಚಿಕ್ಕದು, ಒಳಗಿರೋ ಎಲೆಕ್ಟ್ರಾನ್‌ಗಳೇ ಹೊಸದನ್ನ ತಳ್ತಾವೆ. ಹಾಸನಾಂಬೆ ದರ್ಶನದ ಟೈಮಲ್ಲಿ ಬಸ್ಸಲ್ಲಿ ಸೀಟು ಕನಸು, ಒಂದು ಕೈಲಿ ಕಂಬಿ ಹಿಡ್ಕೊಂಡು ಇನ್ನೊಂದು ಕೈಲಿ ನೋಡೋಕೆ ಇದಕ್ಕಿಂತ ಒಳ್ಳೇದಿಲ್ಲ.

ಕಂಬೈನ್ ಸ್ಟಡಿ ಮೂರು ಜನಕ್ಕಿಂತ ಜಾಸ್ತಿ ಆದ್ರೆ ಹರಟೆ. ನಮ್ಮಂಗೆ ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂನಲ್ಲಿ ಓದಿ ಬಂದೋರಿಗೆ ಇದರಲ್ಲಿ ಒಂದು ಲಾಭ ಇದೆ, ಗೆಳೆಯನಿಗೆ ಕನ್ನಡದಲ್ಲಿ ವಿವರಿಸೋಕೆ ಹೋದಾಗ ನಮಗೆ ಅರ್ಥ ಆಗಿಲ್ಲದೇ ಇರೋದು ಅಲ್ಲೇ ಸಿಕ್ಕಿಬೀಳುತ್ತೆ, ಇಂಗ್ಲಿಷ್ ವಾಕ್ಯದ ಹಿಂದೆ ಅಡಗ್ಕೊಳ್ಳೋಕೆ ಆಗಲ್ಲ. ಆಮೇಲೆ ಅದನ್ನೇ ಇಂಗ್ಲಿಷಲ್ಲಿ ಒಂದ್ಸಲ ಬರೀಬೇಕು, ಇಲ್ಲಾಂದ್ರೆ ಎಕ್ಸಾಮಲ್ಲಿ ಪದ ಹುಡುಕ್ತಾ ಕೂರ್ತೀರ.

ಪ್ರಾಕ್ಟಿಕಲ್ ವೈವಾಗೂ ನಾನು ಇದನ್ನೇ ಮಾಡಿದ್ದು. ಪರ್ಮ್ಯಾಂಗನೇಟ್ ಟೈಟ್ರೇಶನ್‌ಗೆ (ಆಕ್ಸಾಲಿಕ್ ಆಸಿಡ್‌ಗೆ ಅದನ್ನ ಹನಿ ಹನಿ ಬಿಟ್ಟು ಅಳೆಯೋದು) ರೆಕಾರ್ಡ್ ಬಾಯಿಪಾಠ ಮಾಡೋ ಬದಲು ಯಾಕೆ ಯಾಕೆ ಅಂತ ಒಬ್ಬರಿಗೊಬ್ಬರು ಕೇಳ್ಕೊಂಡ್ವಿ. ಸಲ್ಫ್ಯೂರಿಕ್ ಆಸಿಡೇ ಯಾಕೆ, ಎಚ್‌ಸಿಎಲ್ ಯಾಕಲ್ಲ? ಪರ್ಮ್ಯಾಂಗನೇಟ್ ಅದರ ಕ್ಲೋರೈಡನ್ನೂ ಆಕ್ಸಿಡೈಸ್ ಮಾಡುತ್ತೆ, ರೀಡಿಂಗ್ ಜಾಸ್ತಿ ಬರುತ್ತೆ. ಆಕ್ಸಾಲಿಕ್ ಆಸಿಡ್ ಬಿಸಿ ಯಾಕೆ ಮಾಡ್ಬೇಕು? ತಣ್ಣಗಿದ್ರೆ ರಿಯಾಕ್ಷನ್ ನಿಧಾನ. ಮೊದಲ ಹನಿಯ ಬಣ್ಣ ಹೋಗೋಕೆ ಹೊತ್ತು ಹಿಡಿದು ಆಮೇಲಿನದು ಟಕ್ ಅಂತ ಯಾಕೆ ಹೋಗುತ್ತೆ? ರಿಯಾಕ್ಷನ್ನಲ್ಲಿ ಹುಟ್ಟೋ ಎಂಎನ್ 2 ಪ್ಲಸ್ಸೇ (ಮ್ಯಾಂಗನೀಸ್ ಅಯಾನ್) ಕ್ಯಾಟಲಿಸ್ಟ್ ಆಗಿ ವೇಗ ಹೆಚ್ಚಿಸುತ್ತೆ. ಬ್ಯುರೆಟ್‌ನಲ್ಲಿ ಕೆಳಗಿನ ಮೆನಿಸ್ಕಸ್ (ದ್ರವದ ಬಾಗಿದ ಮೇಲ್ಮೈ) ಕಾಣಲ್ಲ, ಗಾಢ ಬಣ್ಣ ಅಲ್ವಾ, ಮೇಲಿನದನ್ನೇ ಓದಿ, ಶುರುವಲ್ಲೂ ಕೊನೇಲೂ.